ತೊಲಿ ತೂಕದ ಗುಂಡು

ಬಂದೂಕಿನ ಹುಚ್ಚು ಒಂದು ತೆರ, ಕಾಡತೂಸಿನ ಹುಚ್ಚೇ ಒಂದು ತೆರ. ಮೊದಲನೆಯದು ಗೊತ್ತಿರೋದೇ ಬಿಡ್ರಿ. ಸಿನಿಮಾ ನೋಡಿದವರಿಗೆ, ಜಾತ್ರೆಯಲ್ಲಿ ಬಲೂನಿಗೆ ಛರ್ರಾ ಹೊಡೆದವರಿಗೆ, ಒಂದಿಷ್ಟು ಎಲ್ಲರಿಗೂ ಹತ್ತಿ ಬಿಟ್ಟಿರುತ್ತದೆ. ಎರಡನೆಯದು ಅಪರೂಪದ ಬ್ಯಾನಿ. ಅದು ಹತ್ತಿದವನಿಗೆ ಬಂದೂಕು ಬರೀ ನೆಪ. ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ಕೇಸು ಇರುತ್ತದಲ್ಲ, ಅದನ್ನು ಆರಿಸಿಕೊಂಡು ಮನೆಗೆ ತಂದು, ತೊಳೆದು, ಬೆಳಗಿ, ಮತ್ತೆ ಮದ್ದು ತುಂಬಿ, ಹೊಸ ಗುಂಡು ಕೂರಿಸಿ, ಡಬ್ಬಿಗೆ ಹಾಕಿ ಚೀಟಿ ಅಂಟಿಸಿ... ಹೆಂಡತಿ ಊಟಕ್ಕೆ ಕರೆದರೂ ಏಳೋದಿಲ್ಲ ಅಂತಾರೆ ಇಂಥವರು. ನಮ್ಮ ತೆಂಗಳಿಯಲ್ಲಿ ಈ ಪೈಕಿ ಯಾರೂ ಇಲ್ಲ. ಇದ್ದರೆ ಪೊಲೀಸರು ಸುಮ್ಮನೆ ಬಿಡ್ತಾರೇನ್ರಿ? ಆದರೂ ಈ ಬ್ಯಾನಿಯ ಅಡಿಮುಡಿ ತಿಳಿದವರು ಊರಲ್ಲಿ ಒಬ್ಬರಿದ್ದಾರೆ, ನಮ್ಮ ಬಾಜೂಮನಿ ಕಾಕಾ.

ನಮ್ಮ ಅವರ ಮನೆ ನಡುವೆ ಫರ್ಸಿ ಕಲ್ಲಿನ ಬೇಲಿ. ಹಾಸುಗಲ್ಲುಗಳನ್ನು ನಿಲುವಾಗಿ ಹೂತು ಸಾಲು ಹಿಡಿಸೋದು. ಸೇಡಂ, ಚಿತ್ತಾಪುರದ ಕಡೆ ಓಡಾಡಿದವರಿಗೆ ಇದನ್ನೇನು ಬಿಡಿಸಿ ಹೇಳೋದು. ಒಂದು ಕಲ್ಲು ಯಾವಾಗಲೋ ಎಮ್ಮೆ ಮೈ ತಿಕ್ಕಿ ಅರ್ಧಕ್ಕೆ ಮುರಿದಿದೆ. ಅದರ ಮೇಲೆ ಟವೆಲ್ ಹಾಸಿ ಮೊಳಕೈ ಊರಿದರೆಂದರೆ ಕಾಕಾನ ದರಬಾರು ಶುರು. ಕಾಕಾ ಬಾಳೆಲ್ಲ ಸಿಮೆಂಟ್ ಕಾರ್ಖಾನೆಯ ಕಲ್ಲುಗಣಿಯಲ್ಲಿ ಬ್ಲಾಸ್ಟರ್ ಆಗಿದ್ದವರು. ನೋಡ್ರಿ ಸೋಜಿಗ, ಶಹಾಬಾದಿನ ಹಾಸುಗಲ್ಲೂ ಸುಣ್ಣದ ಕಲ್ಲೇ, ಸಿಮೆಂಟಿಗೆ ಹೋಗೋದೂ ಸುಣ್ಣದ ಕಲ್ಲೇ. ಹಾಸುಗಲ್ಲಿನವನು ಪದರು ನೋಡಿ, ಉಳಿ ಇಟ್ಟು, ಹಾರಿ ಹಾಕಿ, ಕಲ್ಲಿಗೆ ನೋವಾಗದಂತೆ ಎಬ್ಬಿಸುತ್ತಾನೆ. ಸಿಮೆಂಟಿನವರಿಗೆ ಅಷ್ಟು ಪುರುಸೊತ್ತು ಎಲ್ಲಿಯದು? ತೂತು ಕೊರೆದು, ಮದ್ದು ತುಂಬಿ, ಹಾರಿಸಿಯೇ ಬಿಡೋದು. ಕಾಕಾ ಈ ಎರಡನೇ ಜಾತಿಯವರು. ಗಣಿ ಸುರಕ್ಷತಾ ಇಲಾಖೆ ಕೊಟ್ಟ ಬ್ಲಾಸ್ಟರ್ ಸರ್ಟಿಫಿಕೇಟನ್ನು ಕನ್ನಡಿ ಹಾಕಿಸಿ ಮದುವೆ ಫೋಟೋದ ಬಾಜೂಕೇ ತೂಗುಹಾಕಿದ್ದಾರೆ. ಯಾವುದಕ್ಕೆ ಹಾರ ಹಾಕಬೇಕು ಅಂತ ಹಬ್ಬದ ದಿನ ಕಾಕಿಗೆ ಗಲಿಬಿಲಿ.

ಗಣಿ ಬಿಟ್ಟರೂ ಗಣಿಯ ಚಾಳಿ ಬಿಡಲಿಲ್ಲ. ಎಷ್ಟು ತೂತಿಗೆ ಮದ್ದು ತುಂಬಿದೆವೋ ಅಷ್ಟು ಸಪ್ಪಳ ಎಣಿಸಬೇಕು, ಒಂದು ಕಮ್ಮಿ ಬಿತ್ತೆಂದರೆ ಯಾರೂ ಹತ್ತಿರ ಸುಳಿಯಬಾರದು, ಇದು ಅವರ ಹಳೇ ಪಾಠ. ಈಗ ಮದುವೆ ಮನೆಯಲ್ಲಿ ಪಟಾಕಿ ಸರ ಹಚ್ಚಿದರೂ ಕಾಕಾ ಬೆರಳು ಮಡಚಿ ಎಣಿಸುತ್ತಾರೆ. ಹೋದ ಸಲ ಒಂದು ಮೆರವಣಿಗೆಯಲ್ಲಿ ಲಕ್ಷ್ಮೀ ಪಟಾಕಿ ಒಂದು ಠುಸ್ ಆಯಿತು ನೋಡ್ರಿ, ಮದುಮಗನ ಕುದುರೆಯನ್ನು ಅಲ್ಲೇ ಹಿಡಿದು ನಿಲ್ಲಿಸಿಬಿಟ್ಟರು. ಬೀಗರು ಹುಬ್ಬು ಹಾರಿಸಿದರು, ಬ್ಯಾಂಡಿನವರು ಬಾರಿಸೋದು ನಿಲ್ಲಿಸಿದರು, ಕಾಕಾ ಮಾತ್ರ ಕೈಗಡಿಯಾರ ನೋಡುತ್ತಾ ನಿಂತಿದ್ದರು. ಅವರ ಟೈಮ್ ಮುಗಿದ ಮೇಲೇ ಕುದುರೆ ಮುಂದೆ ಹೆಜ್ಜೆ ಇಟ್ಟದ್ದು.

ಇಂಥ ಮನುಷ್ಯನ ತಮ್ಮನ ಮಗ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾನೆ. ಹುಡುಗ ಸೇಡಂನಲ್ಲಿ ಓದಿ, ಕಲಬುರಗಿಯಲ್ಲಿ ಇಂಜಿನಿಯರಿಂಗ್ ಮುಗಿಸಿ, ಹೈದರಾಬಾದಿಗೆ ಹೋಗಿ, ಅಲ್ಲಿಂದ ಹಾರಿದ್ದು. ನಮ್ಮ ಕಡೆಯ ಹುಡುಗರ ರೂಟೇ ಅದು, ಅಲ್ವಾ? ರವಿವಾರ ಮುಂಜಾನೆ ಇಲ್ಲಿ ಚಾ ಹೊತ್ತಿಗೆ ಅಲ್ಲಿ ಶನಿವಾರ ರಾತ್ರಿ. ಆಗ ವಿಡಿಯೋ ಕಾಲ್. ಮೊದಮೊದಲು ಮಳೆ-ಬೆಳೆ, ತೊಗರಿ ರೇಟು, ಯಾರು ಹೋದರು, ಯಾರು ಬಂದರು ಅಂತ ನಡೀತಿತ್ತು. ಈಗ ಹಾಗಲ್ಲ. ಈಗ ಫೋನು ನೇರವಾಗಿ ಅವನ ಗ್ಯಾರೇಜಿಗೆ ಹೋಗುತ್ತದೆ. ಕಾರು ನಿಲ್ಲಬೇಕಾದ ಜಾಗದಲ್ಲಿ ಉದ್ದಾನುದ್ದ ಮೇಜು, ಮೇಜಿಗೆ ಬೋಲ್ಟು ಹೊಡೆದು ಕೂರಿಸಿದ ಕೈಹಿಡಿಯ ಪ್ರೆಸ್ಸು, ಗೋಡೆ ತುಂಬ ಡಬ್ಬಿ. ಕಾರು ಹೊರಗೆ ಬಿಸಿಲಲ್ಲಿ. ಟೆಕ್ಸಾಸಿನ ಬಿಸಿಲು ನಮ್ಮ ವಾಡಿ ಬಿಸಿಲಿಗೆ ತಮ್ಮನೇ ಅಂತೆ.

ಈ ಹುಚ್ಚು ಅವನಿಗೆ ಒಮ್ಮೆಲೇ ಹತ್ತಿದ್ದಲ್ಲ. ಕೆಲಸದ ವೀಸಾದ ಮೇಲೆ ಹೋದವರಿಗೆ ಆ ದೇಶದಲ್ಲಿ ಬಂದೂಕು ಇಟ್ಟುಕೊಳ್ಳಲು ಸಾಮಾನ್ಯವಾಗಿ ಬರೋದಿಲ್ಲ. ಬೇಟೆ ಲೈಸೆನ್ಸಿನಂಥ ಒಂದೆರಡು ಕಿಂಡಿ ಇವೆ, ಅಷ್ಟೇ. ಗ್ರೀನ್ ಕಾರ್ಡು ಬರಬೇಕು. ನಮ್ಮವರಿಗೆ ಗ್ರೀನ್ ಕಾರ್ಡು ಬರೋದೆಂದರೆ ಕಾಗಿಣಾ ದಂಡೆಯ ಬಾನಾಮತಿ ಕಥೆಗಿಂತ ಉದ್ದ. ಆ ವರ್ಷಗಳೆಲ್ಲ ಈ ಹುಡುಗ ಕೈಯಲ್ಲಿ ಬಂದೂಕಿಲ್ಲದೆ ಬರೀ ಕಾಡತೂಸಿನ ಪುಸ್ತಕ ಓದಿದ. ಯಾವ ಗುಂಡಿಗೆ ಯಾವ ಮದ್ದು, ಯಾವ ಕಂಪನಿಯ ಪ್ರೆಸ್ಸು ಗಟ್ಟಿ, ಎಲ್ಲ ಬಾಯಿಪಾಠ. ಹೀಗೆ ಕಾಯ್ದು ಕಾಯ್ದು ಮಾಗಿದ ಹುಚ್ಚು ಅದು. ಕಾರ್ಡು ಬಂದದ್ದೇ ತಡ, ಬೇರೆಯವರು ಮನೆ ಕೊಂಡರೆ ಇವನು ಮೊದಲು ಪ್ರೆಸ್ಸು ಕೊಂಡ, ಆಮೇಲೆ ಬಂದೂಕು. ಹೆಂಡತಿಗೆ ಮಾತ್ರ "ಒಂದು ಸಣ್ಣ ಮಷೀನು" ಅಂದನಂತೆ.

"ಏನ್ ಮಾಡ್ತಾನ ಗೊತ್ತೇನ್ರಿ ಮಾಸ್ತರ್ರೇ," ಅಂತಾರೆ ಕಾಕಾ, "ಗುಂಡು ಹೊಡಿಯೋ ಮೈದಾನಕ್ಕ ಹೋಗ್ತಾನ. ತಾನೂ ಹೊಡೀತಾನ ಬಿಡ್ರಿ, ಆದ್ರ ಕಣ್ಣೆಲ್ಲ ನೆಲದ ಮ್ಯಾಲೇ. ಮಂದಿ ಹೊಡ್ದು ಬಿಟ್ಟು ಹೋದ ಖಾಲಿ ಕೇಸ್ ಎಲ್ಲಿ ಬಿದ್ದಾವ ಅಂತ. ತೊಗರಿ ರಾಶಿ ಆದ ಮ್ಯಾಲ ಹೊಲದಾಗ ಹಕ್ಕಲ ಆಯ್ತಾರಲ್ಲ, ಹಾಂಗ ಬಗ್ಗಿ ಬಗ್ಗಿ ಆಯ್ತಾನ. ಟೊಂಕ ಹಿಡದೈತಿ ಅಂತ ಅಲ್ಲೇ ಡಾಕ್ಟರ್ ಹಂತ್ಯಾಕ ಹೋಗಿದ್ನಂತ."

ಆಯ್ದು ತಂದ ಹಿತ್ತಾಳೆ ಹೊಗೆ ಹಿಡಿದು ಕರ್ರಗಿರುತ್ತದೆ. ಅದನ್ನು ಒಂದು ತಿರುಗೋ ಡಬ್ಬಿಯಲ್ಲಿ ಹಾಕಿ ಗಂಟೆಗಟ್ಟಲೆ ಗಿರಗಿರ ತಿರುಗಿಸೋದು. ಜೊತೆಗೆ ಹಾಕೋದೇನು ಅಂತ ಕೇಳಿದರೆ ನೀವು ನಗ್ತೀರಿ: ಪುಡಿ ಮಾಡಿದ ಗೋವಿನಜೋಳದ ಬೆಂಡು. ಇಲ್ಲವೇ ಅಕ್ರೋಟಿನ ಚಿಪ್ಪಿನ ಪುಡಿ. ನಾವು ಬೆಂಡನ್ನು ಒಲೆಗೆ ಹಾಕ್ತೀವಿ, ಅವರು ಚೀಲದಲ್ಲಿ ತುಂಬಿ ರೊಕ್ಕ ಕೊಟ್ಟು ಕೊಳ್ತಾರೆ. ಇನ್ನು ಕೆಲವರು ನೀರಲ್ಲಿ ತೊಳೆಯೋ ಪಂಗಡ. ಪಾತ್ರೆ ತೊಳೆಯೋ ಸಾಬೂನು, ಚಿಟಿಕೆ ನಿಂಬೆಹುಳಿ ಉಪ್ಪು, ಸಣ್ಣ ಸಣ್ಣ ಉಕ್ಕಿನ ಸೂಜಿ. ಒಣ ಪಂಗಡಕ್ಕೂ ನೀರಿನ ಪಂಗಡಕ್ಕೂ ಮಾತುಕತೆ ಅಷ್ಟಕ್ಕಷ್ಟೇ ಅಂತೆ. ಇದೆಲ್ಲ ಫೋನಲ್ಲಿ ನಡೀತಿರುವಾಗ ಒಳಗಿನಿಂದ ಕಾಕಿ ಬಂದು ಕತ್ತು ಚಾಚಿ ನೋಡಿದರು. "ಇದಕ್ಯಾಕ ತಮ್ಮಾ ಮಷೀನು? ಹುಣಸಿಹಣ್ಣು ಹಚ್ಚಿ ತಿಕ್ಕು. ನಮ್ಮ ತಂಬಿಗಿ ನೋಡು ಹ್ಯಾಂಗ ಹೊಳೀತಾವ." ಹುಡುಗ ಒಂದು ಗಳಿಗೆ ಸುಮ್ಮನಾದ. ಆಮೇಲೆ "ದೊಡ್ಡವ್ವಾ, ಅದೂ ಆ್ಯಸಿಡ್ಡೇ, ಇದೂ ಆ್ಯಸಿಡ್ಡೇ, ನಿಂದೇ ಖರೇ" ಅಂದ. ಮುಂದಿನ ವಾರ ಇಂಡಿಯನ್ ಅಂಗಡಿಯಿಂದ ಹುಣಸೆಹಣ್ಣು ತಂದು ಪ್ರಯೋಗ ಮಾಡಿದನಂತೆ. ಕೇಸು ಹೊಳೆದವು. ಆದರೆ ಅಂದು ಮನೆಯಲ್ಲಿ ಸಾರಿಗೆ ಹುಣಸೆಹಣ್ಣು ಉಳಿಯಲಿಲ್ಲ, ಅದು ಬೇರೆ ಜಗಳ.

ಬೆಳಗಿದ ಮೇಲೆ ಅಳೆಯೋದು. ಕೇಸಿನ ಉದ್ದ ಅಳೀಬೇಕು, ಬಾಯಿ ಅಳೀಬೇಕು, ಇಂಚಿನ ಸಾವಿರದೊಂದು ಪಾಲಿನ ಲೆಕ್ಕದಲ್ಲಿ. ಆಮೇಲೆ ತೂಕ. ಈ ತೂಕದ ಪುರಾಣ ನನಗೆ ಬಹಳ ಹಿಡಿಸಿತು, ಅದಕ್ಕೇ ಜರಾ ನಿಂತು ಹೇಳ್ತೀನಿ. ಗ್ರಾಂ ಅಲ್ಲ, ಅವರದು ಗ್ರೇನ್. ಒಂದು ಪೌಂಡಿಗೆ 7000 ಗ್ರೇನ್. ಹುಡುಗ ಒಂದು ದಿನ "ದೊಡ್ಡಪ್ಪಾ, ಈ ಗುಂಡು ನೂರಾ ಎಂಬತ್ತು ಗ್ರೇನ್" ಅಂತ ಬೆರಳ ತುದಿಯಲ್ಲಿ ಹಿಡಿದು ತೋರಿಸಿದ. ಕಾಕಾ ಹಳೇ ಕಾಲದವರು, ಸರಾಫ ಕಟ್ಟೆಯ ಲೆಕ್ಕ ನಾಲಿಗೆ ತುದಿಯಲ್ಲೇ ಇದೆ. ನೂರಾ ಎಂಬತ್ತು ಗ್ರೇನ್ ಅಂದರೆ ಸರಿಯಾಗಿ ಒಂದು ತೊಲಿ! ಇಂಗ್ಲಿಷರು ತೊಲಿಯನ್ನು ಗೊತ್ತು ಮಾಡಿದ್ದೇ ಆ ಲೆಕ್ಕಕ್ಕೆ. "ಅಯ್ಯೋ ಮಗನೇ, ಒಂದೊಂದ್ ಸಲ ಟ್ರಿಗರ್ ಎಳದಾಗ ಒಂದ್ ತೊಲಿ ಹೋತು ಅನ್ನು" ಅಂತ ಕಾಕಾ ಎದೆ ಮೇಲೆ ಕೈ ಇಟ್ಟುಕೊಂಡರು. ಸೀಸ-ತಾಮ್ರವೇ ಇರಲಿ, ತೊಲಿ ಅಂದ ಕೂಡಲೇ ನಮ್ಮ ಜನಕ್ಕೆ ಜೀವ ಝಲ್ ಅನ್ನುತ್ತದೆ, ಅಲ್ವಾ?

ಇನ್ನು ಮದ್ದಿನ ತಕ್ಕಡಿ. ಅದು ಒಂದು ಗ್ರೇನಿನ ಹತ್ತನೇ ಪಾಲನ್ನೂ ಹಿಡಿಯುತ್ತದೆ. ತೊಲಿಗೆ ತೊಂಬತ್ತಾರು ಗುಲಗಂಜಿ ಅನ್ನೋ ಹಳೇ ಲೆಕ್ಕ ಹಿಡಿದರೆ, ಒಂದು ಗುಲಗಂಜಿಯನ್ನು ಹದಿನೆಂಟು-ಹತ್ತೊಂಬತ್ತು ಚೂರು ಮಾಡಿ ಅದರಲ್ಲಿ ಒಂದು ಚೂರನ್ನು ತೂಗಿದ ಹಾಗೆ. ಅಷ್ಟು ಸೂಕ್ಷ್ಮ ಇರೋದರಿಂದ ಗಾಳಿ ಆಡಬಾರದು. ಟೆಕ್ಸಾಸಿನ ಸೆಕೆಯಲ್ಲಿ ಹುಡುಗ ಫ್ಯಾನು, ಏಸಿ ಎಲ್ಲ ಬಂದ್ ಮಾಡಿ, ಬೆವರು ತಕ್ಕಡಿ ಮೇಲೆ ಬೀಳದಂತೆ ಹಣೆಗೆ ಪಟ್ಟಿ ಕಟ್ಟಿಕೊಂಡು, ಉಸಿರು ಬಿಗಿಹಿಡಿದು ಕೂರುತ್ತಾನಂತೆ. ಅವನ ಹೆಂಡತಿ ಹಿಂದಿನಿಂದ ಒಂದು ಮಾತು ಹಾಕಿದಳು: "ದೊಡ್ಡಮಾವಾರೇ, ಇದೇ ಮನುಷ್ಯ ಉಪ್ಪಿಟ್ಟಿಗೆ ಉಪ್ಪು ಹಾಕೋವಾಗ ಮುಷ್ಟಿಲೆ ಹಾಕ್ತಾರ್ರೀ." ಹುಡುಗನಿಗೆ ಕೇಳಿಸಲಿಲ್ಲವೋ, ಕೇಳಿಸದ ಹಾಗೆ ಮಾಡಿದನೋ, ತಕ್ಕಡಿಯಿಂದ ಕಣ್ಣು ಎತ್ತಲಿಲ್ಲ.

ಕಾಕಾ ಮಾತ್ರ ಈ ಭಾಗಕ್ಕೆ ತಲೆದೂಗುತ್ತಾರೆ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಮದ್ದಿನ ಡಬ್ಬಿ. ಟೀವಿ ಬಂದ್, ಫೋನ್ ಬಂದ್. ಬೀಡಿ-ಸಿಗರೇಟಿನ ಸುದ್ದಿಯೇ ಇಲ್ಲ. ತುಂಬಿದ ಕೇಸುಗಳನ್ನು ಸಾಲಾಗಿ ನಿಲ್ಲಿಸಿ, ಟಾರ್ಚು ಬಿಟ್ಟು ಒಂದೊಂದರೊಳಗೂ ಇಣುಕಿ ನೋಡೋದು. ಒಂದಕ್ಕೆ ಎರಡು ಸಲ ಮದ್ದು ಬಿದ್ದರೆ ಬಂದೂಕಿನ ಜೊತೆ ಮೋರೆಯೂ ಹೋದೀತು, ಒಂದಕ್ಕೆ ಮದ್ದೇ ಬೀಳದಿದ್ದರೆ ಗುಂಡು ನಳಿಗೆಯಲ್ಲೇ ಸಿಕ್ಕಿ ಕೂತೀತು. "ಹುಡುಗ ಪಾಸ್ ಆದ ನೋಡ್ರಿ," ಅಂದರು ಕಾಕಾ, "ನಮ್ಮ ಗಣಿಯಾಗ ಇದ್ದಿದ್ರ ಮೂರು ವರ್ಷದಾಗ ಫೋರ್‌ಮನ್ ಆಗ್ತಿದ್ದ." ಸಾಫ್ಟ್‌ವೇರ್ ಸಂಬಳ ತಗೊಳ್ಳುವ ಹುಡುಗನಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಕಾಕಾನ ಕೈಯಲ್ಲಿ ಇರಲಿಲ್ಲ.

ಆದರೆ ರೊಕ್ಕದ ಮಾತಿಗೆ ಬಂದಾಗ ಕಾಕಾ ಹಿಡಿದೇಬಿಟ್ಟರು. ಎಲ್ಲಾ ತುಂಬೋರೂ ಹೇಳೋದು ಒಂದೇ ಮಾತು: ಅಂಗಡಿಯಲ್ಲಿ ಹೊಸ ಕಾಡತೂಸು ತುಟ್ಟಿ, ಮನೆಯಲ್ಲಿ ತುಂಬಿಕೊಂಡರೆ ಉಳಿತಾಯ. ಹಿತ್ತಾಳೆಯ ಕೇಸು ಮತ್ತೆ ಮತ್ತೆ ಬರುತ್ತದೆ, ಹೊಸದಾಗಿ ಬೇಕಾಗೋದು ಮದ್ದು, ಗುಂಡು, ಮದ್ದಿಗೆ ಕಿಡಿ ಹಚ್ಚೋ ಪ್ರೈಮರ್ ಮಾತ್ರ. ಲೆಕ್ಕ ಸುಳ್ಳಲ್ಲ. ಆದರೆ ಪ್ರೆಸ್ಸಿನ ರೊಕ್ಕ, ತಕ್ಕಡಿ ರೊಕ್ಕ, ತಿರುಗೋ ಡಬ್ಬಿ ರೊಕ್ಕ, ಗುಂಡಿನ ವೇಗ ಅಳೆಯೋ ಯಂತ್ರದ ರೊಕ್ಕ... ಕಾಕಾ ಹಳೇ ಪಂಚಾಂಗದ ಹಿಂದೆ ಕೂಡಿಸಿ ನೋಡಿದರು. "ತಮ್ಮಾ, ಉಳದದ್ದು ಎಷ್ಟು?" ಹುಡುಗ ನಕ್ಕು ಹೇಳಿದನಂತೆ: "ಉಳದಿದ್ದೇನೂ ಇಲ್ಲ ದೊಡ್ಡಪ್ಪಾ, ಅಷ್ಟೇ ರೊಕ್ಕದಾಗ ಹೆಚ್ಚು ಹೊಡೀಲಿಕ್ಕೆ ಬರ್ತದ." ಅದೂ ಹೋಗಲಿ ಅಂದರೆ, 2020ರ ಕರೋನಾ ಗದ್ದಲದಲ್ಲಿ ಅಲ್ಲಿ ಪ್ರೈಮರಿಗೇ ಬರ ಬಿತ್ತು. ಸಣ್ಣ ಗುಂಡಿಯಷ್ಟಿರೋ ಆ ವಸ್ತುವಿಗೆ ಮಂದಿ ಅಂಗಡಿ ಮುಂದೆ ಪಾಳಿ ಹಚ್ಚಿದರು. ನಮ್ಮ ಹುಡುಗನ ಹತ್ತಿರ ಕೇಸು ಇತ್ತು, ಮದ್ದಿತ್ತು, ಗುಂಡಿತ್ತು, ಪ್ರೈಮರ್ ಇರಲಿಲ್ಲ. ಏನು ಮಾಡಿದ ಗೊತ್ತೇ? ಬೆಳಗಿದ ಕೇಸುಗಳನ್ನೇ ಮತ್ತೊಮ್ಮೆ ಬೆಳಗುತ್ತಾ ಕೂತ.

ಅಲ್ಲಿಗೇ ನನಗೆ ಗುಟ್ಟು ತಿಳಿದದ್ದು. ಈ ಪೈಕಿ ಜನಕ್ಕೆ ಹೊಡೆಯೋದರ ಮೇಲೆ ಆಸೆಯಿಲ್ಲ. ತುಂಬೋದರ ಮೇಲೆ ಆಸೆ. ತುಂಬಬೇಕಾದರೆ ಕೇಸು ಖಾಲಿ ಇರಬೇಕು, ಖಾಲಿ ಆಗಬೇಕಾದರೆ ಹೊಡೀಬೇಕು. ಅದಕ್ಕೇ ಪಾಪ, ಶನಿವಾರ ಮೈದಾನಕ್ಕೆ ಹೋಗಿ ಹೊಡೆದು ಬರ್ತಾರೆ.

ಇದು ಹೊಸ ಕಾಲದ ಕಾಯಿಲೆ ಅನ್ನಬೇಡ್ರಿ. ನಮ್ಮ ಕಡೆ ಪೊಲೀಸ್ ಪಾಟೀಲರ ಮನೆಗಳಲ್ಲಿ ಭರಮಾರ್ ಬಂದೂಕು ಇರುತ್ತಿದ್ದವಲ್ಲ, ಬಾಯಿಂದ ಮದ್ದು ಸುರಿದು, ಬಟ್ಟೆ ತುರುಕಿ, ಸಲಾಕಿಯಿಂದ ಜಡಿದು ತುಂಬೋವು? ನಾನು ಸಣ್ಣವನಿದ್ದಾಗ ನಮ್ಮ ಅಜ್ಜಿಯ ಊರಲ್ಲಿ ಅಂಥದೊಂದು ಬಂದೂಕು, ಅದಕ್ಕೆ ತಕ್ಕ ಒಬ್ಬ ಮುತ್ಯಾ ಇದ್ದ. ಶೇಂಗಾ ಹೊಲಕ್ಕೆ ಹಂದಿ ಬಂದವು ಅಂತ ಆಳು ಓಡಿಬಂದರೆ ಮುತ್ಯಾನಿಗೆ ಅವಸರವೇ ಇಲ್ಲ. ಕಂದೀಲು ದೂರ ಇಡು ಅನ್ನುವನು. ಮದ್ದು ತೆಗೆದು, ತೇವ ಹಿಡಿದಿದೆಯೇ ಅಂತ ಬೆರಳಲ್ಲಿ ತಿಕ್ಕಿ ನೋಡುವನು. ಅಳೆಯುವನು, ಮತ್ತೆ ಸುರುವಿ ಅಳೆಯುವನು. ಬಟ್ಟೆ ಹೀಗಲ್ಲ ಹಾಗೆ ಮಡಚು ಅಂತ ಆಳಿಗೆ ಬೈಯುವನು. ಅಷ್ಟರಲ್ಲಿ ಹಂದಿಗಳ ಊಟ ಮುಗಿದು, ಕೈ ತೊಳೆದುಕೊಂಡು ಹೋಗೋದೊಂದು ಬಾಕಿ. ಈಗ ಬಂತು ನೋಡ್ರಿ ಪೇಚು. ತುಂಬಿದ ಭರಮಾರನ್ನು ಹಾಗೇ ಇಟ್ಟು ಮಲಗುವ ಹಾಗಿಲ್ಲ, ಮಕ್ಕಳಿರೋ ಮನೆ. ಹಾಕಿದ್ದನ್ನು ವಾಪಸ್ ತೆಗೆಯೋದು ಹಾಕಿದ್ದಕ್ಕಿಂತ ಅಪಾಯ. ಹಾರಿಸಿಯೇ ಖಾಲಿ ಮಾಡಬೇಕು. ಹಾಗಾಗಿ ಬೆಳಗಿನ ಜಾವ ಮುತ್ಯಾ ಹೊಲಕ್ಕೆ ಹೋಗಿ ಆಕಾಶಕ್ಕೆ ಒಂದು ಬಾರು ಮಾಡುವನು, ಢಂ! ಊರ ಮಂದಿ ಹಾಸಿಗೆಯಲ್ಲೇ ಹೊರಳಿ "ಹಂದಿ ಬಂದು ಹೋದ್ವು" ಅನ್ನುತ್ತಿದ್ದರು. ಹೊಲದಲ್ಲಿ ಹಂದಿಗೆ ತಾಗಿದ ಒಂದು ಛರ್ರೆಯ ಸುದ್ದಿಯನ್ನೂ ನಾನು ಕೇಳಲಿಲ್ಲ. ಆದರೆ ಮುತ್ಯಾ ತುಂಬಿದ ಬಾರು ಒಂದೂ ಠುಸ್ ಆಗಿಲ್ಲ ಅಂತ ಸುತ್ತ ಹಳ್ಳಿಗೆಲ್ಲ ಹೆಸರಿತ್ತು.

ಹಾಗೆ ನೋಡಿದರೆ ಒಂದು ಕಾಲಕ್ಕೆ ಎಲ್ಲ ಸಿಪಾಯಿಗಳೂ ಸ್ವಂತ ತುಂಬೋರೇ. 1857ರ ಗದ್ದಲ ಎದ್ದದ್ದು ಯಾತರ ಮೇಲೆ? ಎನ್‌ಫೀಲ್ಡ್ ಬಂದೂಕಿನ ಕಾಗದದ ಕಾಡತೂಸನ್ನು ಹಲ್ಲಲ್ಲಿ ಕಚ್ಚಿ ಹರಿದು ಮದ್ದು ಸುರೀಬೇಕು, ಆ ಕಾಗದಕ್ಕೆ ಸವರಿದ ಕೊಬ್ಬು ಯಾವುದು ಅನ್ನೋ ಮಾತಿನ ಮೇಲೆ. ಅದೇ ವರ್ಷ ಆಯುಧ ಒಪ್ಪಿಸಿ ಅಂತ ಹುಕುಂ ಬಂದಾಗ ಮುಧೋಳದ ಕಡೆ ಹಲಗಲಿಯ ಬೇಡರು ಒಲ್ಲೆ ಅಂದರು. ಅದು ನಗುವ ಕಥೆಯಲ್ಲ, ಇಲ್ಲಿಗೆ ಬಿಡೋಣ. ತುಂಬೋದರಲ್ಲಿ ದೊಡ್ಡದು ನೋಡಬೇಕೆಂದರೆ ಕಲಬುರಗಿ ಕೋಟೆ ಮೇಲಿನ ತೋಪು ನೋಡಬೇಕು, 29 ಅಡಿ ಉದ್ದ ಅಂತ ಹೇಳ್ತಾರೆ. ಶಾಲೆಯಿಂದ ಕರೆದುಕೊಂಡು ಹೋದಾಗ ನಾವು ಹುಡುಗರು ಅದರ ಬಾಯೊಳಗೆ ಕೂಗಿ ದನಿ ಕೇಳುತ್ತಿದ್ದೆವು. ಅಷ್ಟುದ್ದದ ನಳಿಗೆಗೆ ಮದ್ದು ಜಡಿಯೋ ಸಲಾಕಿ ಎಷ್ಟುದ್ದ ಇದ್ದೀತು, ಯಾರು ಹಿಡಿದಾರು ಅಂತ ನನಗೆ ಈಗಲೂ ಕುತೂಹಲ. ವಿಜಯಪುರದ ಮಲಿಕ್-ಎ-ಮೈದಾನ್ ಅದಕ್ಕಿಂತ ಗಿಡ್ಡ, ಆದರೆ 55 ಟನ್ ತೂಕ, 1549ರಲ್ಲಿ ಎರಕ ಹೊಯ್ದದ್ದು. ಅದಕ್ಕೆ ಬತ್ತಿ ಹಚ್ಚಿದವನು ಸಪ್ಪಳಕ್ಕೆ ಕಿವಿ ಒಡೆಯಬಾರದೆಂದು ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದನಂತೆ. ಗೈಡುಗಳು ತೊಟ್ಟಿಯನ್ನೂ ತೋರಿಸ್ತಾರೆ. ಕಾಕಾನಿಗೆ ಈ ಮಾತು ಹೇಳಿದರೆ ಅವರು ತೋಪಿನ ಸುದ್ದಿ ಬಿಟ್ಟು, "ಸೈರನ್ ಯಾರು ಹೊಡೀತಿದ್ರು?" ಅಂತ ಕೇಳಿದರು.

ಈಗ ನಮ್ಮ ದೇಶದಲ್ಲಿ ಇದೆಲ್ಲ ನಡೆಯೋ ಮಾತಲ್ಲ. 1959ರ ಆಯುಧ ಕಾಯ್ದೆ ಪ್ರಕಾರ ಬಂದೂಕಿಗೆ ಲೈಸೆನ್ಸು ಇದ್ದರಷ್ಟೇ ಸಾಲದು, ಮದ್ದುಗುಂಡು ತಯಾರಿಸಲು ಬೇರೆಯದೇ ಲೈಸೆನ್ಸು. 2019ರ ತಿದ್ದುಪಡಿಯ ಮೇಲಂತೂ ಒಬ್ಬರಿಗೆ ಎರಡೇ ಬಂದೂಕು, ಮದುವೆ ಮೆರವಣಿಗೆಯಲ್ಲಿ ಖುಷಿಗೆ ಹಾರಿಸಿದರೂ ಜೈಲು. ಲೈಸೆನ್ಸು ಇದ್ದವರು ಅಂಗಡಿಯ ಕಾಡತೂಸೇ ಕೊಳ್ಳಬೇಕು. ವಾಡಿಯಲ್ಲಿ ರೈಲು ಹತ್ತಿ ಮುಂಬೈ ಕಡೆ ಹೊರಟರೆ ಪುಣೆ ದಾಟಿದ ಕೂಡಲೇ ಖಡಕಿ ಬರುತ್ತದಲ್ಲ, ಅಲ್ಲಿ 1869ರಿಂದ ಸರಕಾರದ ಮದ್ದುಗುಂಡಿನ ಕಾರ್ಖಾನೆ ಇದೆ. ಅಲ್ಲಿಯ ಕೇಸಿನ ಬುಡದ ಮೇಲೆ 'ಕೆ.ಎಫ್.' ಅಂತ ಒತ್ತಿರುತ್ತಾರೆ. ಹನ್ನೆರಡು ಬೋರು ಅಂತೀವಲ್ಲ, ಆ ನಳಿಗೆಯ ಅಳತೆಯ ಸೀಸದ ಗೋಲಿ ಹನ್ನೆರಡು ಸೇರಿದರೆ ಒಂದು ಪೌಂಡು. ಇದೂ ಕಾಕಾನ ಬಾಯಿಂದಲೇ ಕೇಳಿದ್ದು. ಆ ಮನುಷ್ಯನ ತಲೆಯಲ್ಲಿ ತೂಕವಿಲ್ಲದ ಒಂದು ವಸ್ತುವೂ ಇಲ್ಲ.

ಕೊಡಗಿನವರದು ಮಾತ್ರ ಬೇರೆ ಕಥೆ. ಕಾಕಾನ ಜೊತೆ ಕೆಲಸಕ್ಕಿದ್ದ ಮಡಿಕೇರಿ ಕಡೆಯ ಒಬ್ಬರು ಕೈಲ್‌ಪೊಳ್ದ್ ಹಬ್ಬಕ್ಕೆ ರಜೆ ಕೇಳಿದರೆ ಆಫೀಸಿನವರಿಗೆ ಅದು ಯಾವ ಹಬ್ಬ ಅಂತಲೇ ತಿಳೀತಿರಲಿಲ್ಲವಂತೆ. ಸೆಪ್ಟೆಂಬರ್ ಮೊದಲ ವಾರ ಮನೆಯ ಕೋವಿಗಳನ್ನೆಲ್ಲ ಒರೆಸಿ ಸಾಲಾಗಿಟ್ಟು, ತೋಕ್ ಪೂ ಸಿಕ್ಕಿಸಿ ಪೂಜೆ ಮಾಡಿ, ಆಮೇಲೆ ಮರದ ತುದಿಯ ತೆಂಗಿನಕಾಯಿಗೆ ಗುರಿ ಹೊಡೆಯೋ ಪಂದ್ಯ. ಇಂಗ್ಲಿಷರ ಕಾಲದಿಂದ ಬಂದ ಲೈಸೆನ್ಸಿನ ವಿನಾಯಿತಿ ಈಗ 2029ರ ತನಕ ಮುಂದುವರಿದಿದೆ, 2021ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. "ಹಬ್ಬ ಅಂದ್ರ ಅದು ನೋಡ್ರಿ," ಅಂತ ಕಾಕಾ ನಿಟ್ಟುಸಿರು ಬಿಡ್ತಾರೆ. ನಮ್ಮಲ್ಲಿ ಆಯುಧ ಪೂಜೆಗೆ ಮೋಟಾರ್ ಸೈಕಲ್ಲಿಗೆ ಕುಂಬಳಕಾಯಿ ಒಡೆಯೋದಷ್ಟೇ ಅಲ್ಲೇನ್ರಿ?

ನಮ್ಮ ದೇಶದಲ್ಲಿ ತುಂಬೋ ಭಾಗ್ಯವಿಲ್ಲದವರು ಬೇರೆ ದಾರಿ ಹುಡುಕಿಕೊಂಡಿದ್ದಾರೆ ಬಿಡ್ರಿ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗಿನಲ್ಲಿ ಚಿನ್ನ ಗೆದ್ದ ಹತ್ತು ಮೀಟರ್ ಏರ್ ರೈಫಲ್ ಇದೆಯಲ್ಲ, ಅದರ ಗುರಿಯ ನಟ್ಟನಡುವಿನ ಚುಕ್ಕಿ ಬರೀ ಅರ್ಧ ಮಿಲಿಮೀಟರ್. ಅದನ್ನು ಹೊಡೆಯೋರು ಛರ್ರೆಗಳನ್ನು ಡಬ್ಬಿಯಿಂದ ಸುರುವಿ, ತಲೆಯ ಅಗಲ 4.49, 4.50, 4.51 ಮಿಲಿಮೀಟರ್ ಅಂತ ಬೇರೆ ಬೇರೆ ಮಾಡಿ, ಒಂದೊಂದನ್ನೇ ತೂಗಿ, ಸೊಟ್ಟಗಿದ್ದದ್ದನ್ನು ಆರಿಸಿ ತೆಗೆಯೋದರಲ್ಲೇ ಸಂಜೆ ಕಳೆಯುತ್ತಾರೆ. ಅಕ್ಕಿ ಆರಿಸು ಅಂದರೆ ಏಳೋದಿಲ್ಲ, ಅದು ಬೇರೆ ಮಾತು.

ಹುಡುಗ ಈ ಸಲ ಎಳ್ಳಮಾವಾಸ್ಯೆಗೆ ಊರಿಗೆ ಬರ್ತೀನಿ ಅಂದ. ದೊಡ್ಡಪ್ಪನಿಗೆ ಏನು ತರ್ತೀ ಅಂದರೆ, ತಾನೇ ಬೆಳಗಿದ ಒಂದು ಹಿತ್ತಾಳೆ ಕೇಸು ತರ್ತೀನಿ, ಕೀಲಿ ಗೊಂಚಲಿಗೆ ಹಾಕಿಕೋ ಅಂದನಂತೆ. ಕಾಕಾ ಎದ್ದು ನಿಂತುಬಿಟ್ಟರು. "ಹುಚ್ಚ ಅದೀ ಏನಲೇ? ವಿಮಾನ ನಿಲ್ದಾಣದಾಗ ಚೀಲದಾಗ ಖಾಲಿ ಕೇಸ್ ಸಿಕ್ಕರೂ ಹಿಡಿದು ಕೂಡಿಸ್ತಾರ." ಇದು ಕಾಕಾ ಕಟ್ಟಿದ ಮಾತಲ್ಲ, ಮರೆತು ಚೀಲದಲ್ಲಿ ಉಳಿದ ಕಾಡತೂಸಿನ ದೆಸೆಯಿಂದ ಏರ್‌ಪೋರ್ಟಿನಲ್ಲಿ ಕೇಸು ಬಿದ್ದು, ಹೈಕೋರ್ಟಿನ ತನಕ ಅಲೆದವರಿದ್ದಾರೆ. ಗೊತ್ತಿದ್ದೂ ಇಟ್ಟುಕೊಂಡದ್ದಲ್ಲ ಅಂತ ಕೋರ್ಟು ಬಿಟ್ಟರೂ ಅಲೆದಾಟ ತಪ್ಪೋದಿಲ್ಲ. ಕಡೆಗೆ ಹುಡುಗ ಕೇಸು ಬಿಟ್ಟು, ತನ್ನ ಹಳೇ ತಕ್ಕಡಿ ತಂದ. ಹೊಸದು ಕೊಂಡಿದ್ದನಲ್ಲ, ಇನ್ನೂ ಸೂಕ್ಷ್ಮದ್ದು.

ಹೊಲದಲ್ಲಿ ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ ತಿಂದು ಎಲ್ಲರೂ ಮನೆಗೆ ಬಂದ ಮೇಲೆ ಕಾಕಿ ಆ ತಕ್ಕಡಿಯನ್ನು ಕೈಗೆ ತಗೊಂಡರು. ಅಂಗೈಯಗಲದ ಡಬ್ಬಿ, ಮೇಲೊಂದು ತಟ್ಟೆ, ಮುಂದೆ ಅಂಕಿ. "ಇದರಾಗ ಬಂಗಾರ ತೂಗಲಿಕ್ಕೆ ಬರ್ತದೇನ್ರಿ?" ಬರ್ತದೆ ಅಂದ ಹುಡುಗ. ಕಾಕಿಯ ಬೋರಮಾಳ ನಾಲ್ಕು ತೊಲಿ. ತೊಲಿಗೆ ನೂರಾ ಎಂಬತ್ತರಂತೆ 720 ಗ್ರೇನ್ ಬರಬೇಕು. ತಟ್ಟೆಯ ಮೇಲಿಟ್ಟರು. 709 ಅಂತ ಬಂತು. ಮನೆಯಲ್ಲಿ ಮಾತು ನಿಂತಿತು. ದಾರ ತೆಗೆದು ಇಟ್ಟರು, ಇನ್ನೂ ಒಂದೆರಡು ಇಳಿಯಿತು. ಸವೆದಿರುತ್ತದೆ ಅಂತ ಕಾಕಾ ಒಂದು ಮಾತು ಹಾಕಿ ನೋಡಿದರು. "ಯಾರು ಸವಿಸಿದ್ರು? ನಾ ಕೊರಳಾಗ ಹಾಕ್ಕೊಂಡಿದ್ದು ನಾಲ್ಕ ಮದಿವಿಗಿ," ಅಂದರು ಕಾಕಿ. ಹಿಂದೆ ಪೋಣಿಸಿಕೊಟ್ಟ ಸರಾಫನ ಏಳು ತಲೆಮಾರಿಗೆ ಕಾಕಿ ಹಾಕಿದ ಶಾಪ ಅವತ್ತು ನಮ್ಮ ಬೇಲಿ ದಾಟಿ ಕೇಳಿಸಿತು.

ಹುಡುಗ ವಾಪಸ್ ಹೋದ. ತಕ್ಕಡಿ ಉಳಿಯಿತು. ಈಗ ಪ್ರತಿ ಶುಕ್ರವಾರ ಕಾಕಿ ಪೂಜೆ ಮುಗಿಸಿ ಅದರ ಮುಂದೆ ಕೂರುತ್ತಾರೆ. ಬೋರಮಾಳ, ಝುಮಕಿ, ಬಿಲ್ವಾರ, ಮೊಮ್ಮಗಳ ಕಾಲುಗೆಜ್ಜೆ, ಒಂದೊಂದೇ. ಮೊಮ್ಮಗಳ ಹಳೇ ನೋಟಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡುತ್ತಾರೆ. ಹೋದ ವಾರಕ್ಕಿಂತ ಒಂದು ಅಂಕಿ ಹೆಚ್ಚು ಬಂದರೆ ಧೂಳು ಕೂತಿದೆ ಅಂತ ಹುಣಸೆಹಣ್ಣು ಹಚ್ಚಿ ತಿಕ್ಕಿ ಮತ್ತೆ ತೂಗುತ್ತಾರೆ. ಗಾಳಿಗೆ ಅಂಕಿ ಅಲುಗಾಡುತ್ತದೆ ನೋಡ್ರಿ, ಅದಕ್ಕೇ ಫ್ಯಾನ್ ಬಂದ್, ಕಿಟಕಿ ಬಂದ್. ವೈಶಾಖದ ನಡು ಮಧ್ಯಾಹ್ನ, ನಮ್ಮ ಕಲಬುರಗಿ ಜಿಲ್ಲೆಯ ಬಿಸಿಲು, ಕಾಕಾನ ಬನೀನು ತೊಯ್ದು ತೊಪ್ಪೆ.

"ಒಳಗ ನಡೀರಿ ಕಾಕಾ, ಹೊರಗ ಬಿಸಿಲದ," ಅಂದೆ ಮೊನ್ನೆ.

"ಒಳಗ ಅದಕ್ಕಿಂತ ಬಿಸಿ ಅದರಿ," ಅಂದರು ಕಾಕಾ, ಅದೂ ಪಿಸುದನಿಯಲ್ಲಿ. ಆದರೂ ಕೇಳಿಸಿತು ಒಳಗೆ.

"ಜರಾ ಸುಮ್ಮ್ ಕುಂದರ್ರಿ ನೀವು! ಅಂಕಿ ಇನ್ನಾ ನಿಂತಿಲ್ಲ!"